ಹೊರಡುವ ಮುಂಚೆ ಕೂರಬೇಕು

ಮಾಸ್ಕೋದ ಮ್ಯೂಸಿಯಂಗಳಲ್ಲಿ ನಿರ್ದೇಶಕರು ಬದಲಾಗುತ್ತಾರೆ, ಮೂಲೆಯ ಕುರ್ಚಿಯಲ್ಲಿ ಕೂತು ಗದರುವ ಅಜ್ಜಿ ಬದಲಾಗುವುದಿಲ್ಲ. ನಮ್ಮ ಮ್ಯೂಸಿಯಮ್ಮಿನ ಅಜ್ಜಿ ಕ್ಲಾವ್ದಿಯಾ ಯೆಗೊರೊವ್ನಾ. ಯುದ್ಧ ಗೆದ್ದ ನಮ್ಮ ಸೈನ್ಯ ಜರ್ಮನಿಯಿಂದ ಹೊತ್ತು ತಂದ ಚಿತ್ರಗಳನ್ನು ನೆಲಮಾಳಿಗೆಯಲ್ಲಿ ಕಾಯುವ ಕೆಲಸ ಅವರ ಪಾಲಿಗೆ ಬಂದಿತ್ತು. "ಹಾಳು ಜರ್ಮನ್ ಮುಖಗಳು, ನೋಡಿದ್ರೇ ಮೈ ಉರಿಯುತ್ತೆ" ಎಂದು ಬಯ್ಯುತ್ತಲೇ ಚಳಿಗಾಲದಲ್ಲಿ ತಮ್ಮ ಉಣ್ಣೆಯ ಶಾಲನ್ನು ಅವಕ್ಕೆ ಹೊದಿಸುವರು. ಚಿತ್ರದೊಳಗಿನ ಮುತ್ತಿನ ಸರದ ಶ್ರೀಮಂತೆಗೆ, "ಏನೇ, ಇನ್ನೂ ಬಿಂಕ ಇಳಿದಿಲ್ವಾ?" ಎನ್ನುವರು. ನಿರ್ದೇಶಕರೇ ಸೀನಿದರೂ, "ಆಚೆ ಹೋಗಿ ಸೀನಿ, ಅವಳಿಗೆ ತೇವ ಆಗಿಬರಲ್ಲ!" ಎಂದು ಅಟ್ಟುವರು. ಚಿತ್ರಗಳನ್ನು ಹಿಂದಿರುಗಿಸಲು ಸರ್ಕಾರ ತೀರ್ಮಾನಿಸಿದಾಗ "ಪೀಡೆ ತೊಲಗಿತು" ಎಂದವರು, ಪೆಟ್ಟಿಗೆಗಳು ಲಾರಿಯೇರುವ ಹೊತ್ತಿಗೆ ಬಾಗಿಲಿಗೆ ಅಡ್ಡ ನಿಂತರು. "ಎಲ್ರೂ ಒಂದು ಗಳಿಗೆ ಕೂತ್ಕೊಳ್ಳಿ. ಕೂತು ಹೊರಟವರು ಕ್ಷೇಮವಾಗಿ ಮನೆ ಮುಟ್ತಾರೆ." ನಾವೆಲ್ಲ ಕೂತೆವು. ಒಯ್ಯಲು ಬಂದಿದ್ದ, ರಷ್ಯನ್ ಬಲ್ಲ ಜರ್ಮನ್ ಅಧಿಕಾರಿ ಪೆಟ್ಟಿಗೆಯ ಮೇಲೆಯೇ ಕೂತು, "ಅವಳ ಮೇಲಲ್ಲಪ್ಪಾ!" ಎಂದು ಅಜ್ಜಿಯಿಂದ ಬೈಸಿಕೊಂಡ. ನೆಲದ ಮೇಲೆ ಕೂತವನು, ಹೊರಗೆ ಲಾರಿಯ ಹಾರ್ನ್ ಕೇಳಿ, ರೈಲಿಗೆ ತಡವಾಗುತ್ತದೆಂದು ತಕ್ಷಣವೇ ಎದ್ದ. "ನನ್ನ ಮಗ ಕೋಸ್ತ್ಯಾ ಯುದ್ಧಕ್ಕೆ ಹೊರಟಾಗಲೂ ಹೊರಗೆ ಹೀಗೇ ಲಾರಿ ಹಾರ್ನ್ ಹೊಡೀತಿತ್ತು," ಎಂದರು ಅಜ್ಜಿ ಮೆಲ್ಲಗೆ. "ನಾನು ಕೂರಿಸಲಿಲ್ಲ." ಅಧಿಕಾರಿ ಟೊಪ್ಪಿಗೆ ತೆಗೆದು ಮತ್ತೆ ಕೂತ.