ಸೊಣ್ಣಪ್ಪನ ಮೂರು ಏಟು

ಪೀಣ್ಯದ ನನ್ನ ಶೆಡ್ಡಿನ ಮಾಲೀಕ ಸೊಣ್ಣಪ್ಪನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಲ್ಲಿಯ ಹಳೇ ಊರಿನವನು. ಹೊಲದಲ್ಲೆಲ್ಲ ಶೆಡ್ ಎಬ್ಬಿಸಿ ಬಾಡಿಗೆಗೆ ಬಿಟ್ಟಮೇಲೆ ಅವನಿಗೆ ಉಳಿದ ಕಸುಬು ಒಂದೇ, ಕಂಡವರ ಕೆಲಸಕ್ಕೆ ಕೈಹಾಕುವುದು. ಓಡುವ ಲೇತ್ ನಿಲ್ಲಿಸಿ ಬುದ್ಧಿ ಹೇಳುತ್ತಾನೆ. ನಾನು ಗದಗದ ಕಡೆಯವನೆಂದು ತಿಳಿದಂದಿನಿಂದ "ಏಯ್ ಗದಗ" ಎಂದೇ ಕೂಗುತ್ತಾನೆ. ಬಸಲಿಂಗ ಅನ್ನಲು ಇವನ ಬಾಯಿಗೇನು ಧಾಡಿ!

ಅವನ ಬಳಿ ಅಪ್ಪನ ಕಾಲದ ಕಾರೊಂದಿದೆ. ಎರಡೇ ಸೀಟು, ಸ್ಪೋಕ್ ಗಾಲಿ; ಪ್ರತಿ ಗಾಲಿಯ ನಡುವೆ ಕಿವಿಗಳಿರುವ ಒಂದೇ ನಟ್ಟು, ಸುತ್ತಿಗೆಯಿಂದ ಹೊಡೆದೇ ತಿರುಗಿಸಬೇಕು. ತನ್ನ ಮದುವೆಯ ದಿನ ಸೊಣ್ಣಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಛತ್ರಕ್ಕೆ ಓಡಿಸುತ್ತೇನೆಂದು ಮಗಳು ದಿವ್ಯಾ ಹಟ ಹಿಡಿದಳು. ಆದರೆ ಬ್ರೇಕ್ ಒತ್ತಿದಾಗಲೆಲ್ಲ ಗಾಲಿ ಟಕ್ ಎನ್ನುತ್ತಿತ್ತು. ರಿಪೇರಿಗೆ ನನ್ನ ಶೆಡ್ಡಿಗೇ ತಂದರು. ಜಾಕ್ ಹಾಕಿ ಎತ್ತಿ, ಅವಳಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಗಾಲಿ ಅಲುಗಿಸಿದೆ. ಗಾಲಿ ಕಚ್ಚಿ ಕೂರುವ ಹಬ್ ನಿಂತಲ್ಲೇ ನಿಂತಿತು, ಗಾಲಿ ಮಾತ್ರ ಆಡಿತು. ಬಿಚ್ಚಿ ನೋಡಿದರೆ ಹಬ್ಬಿನ ಹಲ್ಲುಗಳೆಲ್ಲ ಸವೆದು ಚಾಕುವಿನಂತೆ ಚೂಪಾಗಿದ್ದವು.

"ನಟ್ಗೆ ಇನ್ನೊಂದೇಟು ಆಕ್ಲಾ, ಸರಿ ಓಗ್ತದೆ," ಅಂದ ಸೊಣ್ಣಪ್ಪ.

"ಹಲ್ಲ ಹ್ವಾದ ಮ್ಯಾಲ ಏಟ ಹಾಕಿದ್ರ ಏನ್ ಬಂತ್ರೀ?" ಎಂದು ನಾನೂ ಬಿಡಲಿಲ್ಲ.

ಕಡೆಗೆ ದಿವ್ಯಾಳೇ ಹೊಸ ಹಬ್ಬು, ಗಾಲಿ ತರಿಸಿದಳು. ಕೂರಿಸಿ, ತಾಮ್ರದ ಸುತ್ತಿಗೆಯಿಂದ ನಡುವಿನ ನಟ್ ಹೊಡೆದು ಬಿಗಿದೆ. ಕಾರಿನ ಎಡಗಡೆಯ ನಟ್ಟು ಬಲಕ್ಕೆ ಬಿಗಿಯುತ್ತದೆ, ಬಲಗಡೆಯದು ಎಡಕ್ಕೆ. ಓಡುವಾಗ ತಾನಾಗಿ ಬಿಚ್ಚದಿರಲೆಂದು ಹಾಗೆ. ಅಪ್ಪ ಮಗಳಿಬ್ಬರಿಗೂ ತೋರಿಸಿದೆ. ಅವಳು ನೋಡಿದಳು, ಅವನು ಆಕಳಿಸಿದ.

ಮದುವೆಯ ಬೆಳಿಗ್ಗೆ ಶೆಡ್ಡಿನ ಮುಂದೆ ಪೂಜೆ. ಕಾಯಿ ಒಡೆದದ್ದಾಯಿತು, ಗಾಲಿಗಳಡಿ ನಿಂಬೆಹಣ್ಣು ಇಟ್ಟದ್ದಾಯಿತು. "ಯಜಮಾನ್ರದ್ದೂ ಒಂದು ಸಾಸ್ತ್ರ ಆಗ್ಲಿ," ಎಂದು ಸೊಣ್ಣಪ್ಪ ನನ್ನ ಸುತ್ತಿಗೆ ಎತ್ತಿಕೊಂಡು, ಡ್ರೈವರ್ ಕೂರುವ ಬಲಗಡೆಯ ನಟ್ಟಿಗೆ ಪ್ರದಕ್ಷಿಣೆಯಂತೆ ಬಲಕ್ಕೆ ಮೂರು ಏಟು ಬಿಗಿದ. ಕೈ ತೊಳೆಯುತ್ತಿದ್ದ ನಾನು ಓಡಿಬರುವಷ್ಟರಲ್ಲಿ ದಿವ್ಯಾ ಕಾರು ಸ್ಟಾರ್ಟ್ ಮಾಡಿದ್ದಳು. ಎದುರಿಗೇ ಹೋಗಿ ನಿಂತೆ.

"ಮದ್ವೆ ಗಾಡಿಗೆ ಅಡ್ಡ ನಿಂತ್ಕತೀಯೇನ್ಲಾ, ದರಿದ್ರದವ್ನೆ!" ಸೊಣ್ಣಪ್ಪ ನನ್ನ ಕೊರಳಪಟ್ಟಿ ಹಿಡಿದ.

"ಮಗಳನ್ನ ಕೊಲ್ಲಾಕ ಹೊಂಟೀಯೇನ್ ಮುದುಕಾ! ಗಾಲಿ ಕಳಚಿ ಬೀಳ್ತೈತಿ!"

ಬಿಡಿಸಿಕೊಂಡು ಹೋಗಿ ನಟ್ಟನ್ನು ಬರಿಗೈಯಲ್ಲೇ ತಿರುಗಿಸಿ ತೋರಿಸಿದೆ. ಆಗಲಾದರೂ ಸುಮ್ಮನಾದನೇ? "ಎಡಕ್ಕೆ ಒಡೆಯೋದು ಅಪ್ಸಕುನ ಕಣ್ಲಾ!" ಎಂದು ಅರಚಿದ.

ದಿವ್ಯಾ ಇಳಿದಳು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ನಟ್ ಅಲ್ಲಾಡದ ತನಕ ಎಡಕ್ಕೇ ಹೊಡೆದಳು. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

"ಬಸಲಿಂಗಣ್ಣ, ಬನ್ನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ."

ಸೊಣ್ಣಪ್ಪ ಜರಿಪಂಚೆ ಮೇಲೆತ್ತಿ ಕಟ್ಟಿಕೊಂಡು, ಶೆಡ್ಡಿನ ಗೂಡ್ಸ್ ಆಟೋದಲ್ಲಿ ನಮ್ಮ ಹಿಂದೆ ಬಂದ.