ಮೂರು ಪ್ರಶ್ನೆಯ ಅಕ್ಕ

ನಮ್ಮ ರಸ್ತೆಯಲ್ಲಿ ಕೆಲಸ ಸಿಕ್ಕವರೆಲ್ಲರ ಜೀವನಚರಿತ್ರೆ ಬರೆದವರು ಒಬ್ಬರೇ. ಅವರನ್ನು ಎಲ್ಲರೂ ಬಯೋಡಾಟಾ ಅಕ್ಕ ಅನ್ನುತ್ತಾರೆ. ಅವರ ಝೆರಾಕ್ಸ್ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವನು ರಸ್ತೆಗಿಳಿಯಬೇಕು. ಮೊದಲು ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದರಂತೆ. ಕಂಪ್ಯೂಟರ್ ಬಂದ ವರ್ಷ ಮನೆಗೆ ಕಳಿಸಿದರು. ಅಕ್ಕ ಅಳುತ್ತಾ ಕೂರಲಿಲ್ಲ, ಅದೇ ಕಂಪ್ಯೂಟರ್ ಒಂದನ್ನು ತಂದು ಅಂಗಡಿ ತೆರೆದರು. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಬಯೋಡಾಟಾ ಮಾಡಿಕೊಟ್ಟಿದ್ದಾರೆ, ತಮಗೊಂದು ಮಾಡಿಕೊಂಡಿಲ್ಲ.

ಅವರದೊಂದು ಪದ್ಧತಿಯಿತ್ತು. ಹಾಳೆ ಟೈಪಾದ ಮೇಲೆ ನಮ್ಮ ಕೈಯಲ್ಲೇ ಗಟ್ಟಿಯಾಗಿ ಓದಿಸುತ್ತಿದ್ದರು. ಒಂದೊಂದು ಸಾಲಿಗೆ ಮೂರು ಪ್ರಶ್ನೆ. ಒಂದಕ್ಕೆ ತಡವರಿಸಿದರೂ ಆ ಸಾಲು ಹಾಳೆಯಿಂದ ಮಾಯ.

ನನ್ನ ಸರದಿ ಬಂದಾಗ ನಾನು ಔಷಧಿ ಗೋದಾಮಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದೆ. ಅಮ್ಮ ಕೇಳಿದವರಿಗೆಲ್ಲ ‘ಮಗ ಕಂಪನೀಲಿದ್ದಾನೆ’ ಅನ್ನುತ್ತಿದ್ದರು. ಅಲ್ಲೇನು ಕೆಲಸ ಅಂತ ಅವರು ಬಾಯಿ ತೆರೆಯುವ ಮೊದಲೇ ‘ಒಲೆ ಮೇಲೆ ಹಾಲಿಟ್ಟಿದ್ದೀನಿ’ ಅಂತ ಒಳಗೆ ಓಡುತ್ತಿದ್ದರು. ಅಮ್ಮನನ್ನು ಆ ಓಟದಿಂದ ಬಿಡಿಸಬೇಕು ಅನ್ನುವುದು ನಾನು ಜನರಿಗೆ ಹೇಳುತ್ತಿದ್ದ ಕಾರಣ. ನಿಜವಾದ ಕಾರಣ ಬೇರೆ: ನನಗೆ ಕೂತು ಮಾಡುವ ಕೆಲಸ ಬೇಕಿತ್ತು. ಕೋಲ್ಡ್ ಸ್ಟೋರೇಜಿನಲ್ಲಿ ಮೆಷಿನ್ ಆಪರೇಟರ್ ಬೇಕಾಗಿದ್ದಾರೆ, ಕುರ್ಚಿಯೂ ಕೊಡುತ್ತಾರೆ ಅಂತ ಕೇಳಿದ್ದೆ.

“ಹವ್ಯಾಸ ಪುಸ್ತಕ ಓದೋದು ಅಂತ ಬರ್ಸಿದ್ದೀಯ. ಕೊನೇಲಿ ಓದಿದ್ದು ಯಾವುದು?” ಅಕ್ಕ ಕನ್ನಡಕದ ಮೇಲಿನಿಂದ ನೋಡಿದರು.

“ಅದು... ದಪ್ಪ ಪುಸ್ತಕ ಅಕ್ಕಾ.”

“ತೂಕ ಕೇಳಿಲ್ಲ ಕಣೋ, ಹೆಸರು ಕೇಳ್ದೆ.” ಸಾಲು ಹೋಯಿತು. ನಾಯಕತ್ವದ ಗುಣವೂ ಹೋಯಿತು. ಇಂಗ್ಲಿಷಿಗೆ ಅವರು ಪ್ರಶ್ನೆಯನ್ನೇ ಕೇಳಲಿಲ್ಲ, ನನ್ನ ಮುಖ ನೋಡಿ ಅಳಿಸಿಬಿಟ್ಟರು. ಹಾಳೆಯಲ್ಲಿ ಉಳಿದದ್ದು ನನ್ನ ಹೆಸರು, ನಾಲ್ಕು ಸಾಲಿನ ವಿಳಾಸ, ಮತ್ತೊಂದು ಸಾಲು: ಐಸ್ ಫ್ಯಾಕ್ಟರಿಯಲ್ಲಿ ಅಮೋನಿಯಾ ಕಂಪ್ರೆಸರ್ ನಡೆಸಿ ಎರಡು ವರ್ಷ ಅನುಭವ.

ಕೋಲ್ಡ್ ಸ್ಟೋರೇಜನ್ನು ತಣ್ಣಗಿಡುವುದೂ ಅದೇ ಥರದ ಮೆಷಿನ್. ಐಸ್ ಫ್ಯಾಕ್ಟರಿಯಲ್ಲಿ ಎರಡು ವರ್ಷ ಇದ್ದದ್ದು ನಿಜ. ಕಂಪ್ರೆಸರ್ ಕೋಣೆಯಲ್ಲಿ ಇದ್ದದ್ದೂ ನಿಜ, ಪೊರಕೆ ಹಿಡಿದುಕೊಂಡು. ಅಲ್ಲಿನ ಆಪರೇಟರ್ ಪ್ರತಿ ಪಾಳಿಯಲ್ಲೂ ಎಣ್ಣೆ ಮಟ್ಟ, ಒತ್ತಡ, ವಾಲ್ವ್ ಅಂತ ಗೊಣಗಿಕೊಂಡೇ ಕೆಲಸ ಮಾಡುತ್ತಿದ್ದ. ಆ ಗೊಣಗಾಟವೆಲ್ಲ ನನಗೆ ಬಾಯಿಪಾಠ. ಅಕ್ಕ ಮೂರು ಪ್ರಶ್ನೆ ಕೇಳಿದರು, ಮೂರಕ್ಕೂ ಗಿಳಿಯ ಹಾಗೆ ಒಪ್ಪಿಸಿದೆ. ಶಾಲೆಯಲ್ಲಿ ಒಂದು ದಿನವೂ ತೋರದ ಬುದ್ಧಿ ಅವತ್ತು ಎಲ್ಲಿಂದಲೋ ಓಡಿಬಂತು.

“ಪರವಾಗಿಲ್ವೇ! ಇದೊಂದಾದ್ರೂ ನಿಂದೇ,” ಅಂದರು ಅಕ್ಕ. ಆಮೇಲೆ ಎಂಟು ದಿನ ಸಂಜೆ ಲ್ಯಾಮಿನೇಷನ್ ಮೆಷಿನ್ನಿನ ಹಿಂದೆ ಕೂರಿಸಿ ಸಂದರ್ಶನದ ತಾಲೀಮು ಕೊಟ್ಟರು. ಕಾಲು ಅಲ್ಲಾಡಿಸಬೇಡ. ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ ಸಾರ್, ಕಲೀತೀನಿ’ ಅಂತ ಹೇಳೋಕೆ ನಾಚಬೇಡ. ಆ ಕೊನೆಯ ಮಾತನ್ನು ಹತ್ತು ಸಲ ಹೇಳಿಸಿದರು. ಹತ್ತು ಸಲವೂ ಸೊಗಸಾಗಿ ಹೇಳಿದೆ.

ಸಂದರ್ಶನ ನಾಲ್ಕು ನಿಮಿಷದಲ್ಲಿ ಮುಗಿಯಿತು. ಮ್ಯಾನೇಜರ್ ಹಾಳೆಯನ್ನು ಓದಲೇ ಇಲ್ಲ, ತಲೆಬರಹದ ಅಕ್ಷರ ನೋಡಿ ತಲೆಯೆತ್ತಿದರು.

“ಅಕ್ಕ ಮಾಡಿದ್ದಾ?”

“ಹೌದು ಸಾರ್.”

“ಹಾಗಾದ್ರೆ ನಾನೇನು ಕೇಳೋದಿದೆ? ಸೋಮವಾರ ಬಂದ್ಬಿಡು.”

ಹೊರಗೆ ಬಂದಾಗ ಕುಣಿಯಬೇಕಿತ್ತು. ತಲೆ ತಗ್ಗಿಸಿ ಮನೆಗೆ ನಡೆದೆ. ಅಕ್ಕ ಇಪ್ಪತ್ತು ವರ್ಷ ಒಂದು ಸುಳ್ಳು ಸಾಲನ್ನೂ ಹಾಳೆಯಲ್ಲಿ ಉಳಿಸಿರಲಿಲ್ಲ. ಅದಕ್ಕೇ ನನ್ನ ಸುಳ್ಳನ್ನು ಯಾರೂ ಮುಟ್ಟಿ ನೋಡಲಿಲ್ಲ.

ಶನಿವಾರ ಜಾಗ ನೋಡಲು ಹೋದೆ. ಹಳೆಯ ಆಪರೇಟರನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಅವರಿಗೆ ಅದೇ ಕೊನೆಯ ದಿನ. ಮೆಷಿನ್ ಕೋಣೆ ಬೆಚ್ಚಗಿತ್ತು. ಕೊಳವೆಗಳ ಮೇಲೆ ಮಾತ್ರ ಬೆರಳು ದಪ್ಪ ಮಂಜು. ಗೋಡೆಯ ಮೊಳೆಯಲ್ಲಿ ಅನಿಲ ತಡೆಯುವ ಮುಖವಾಡವೊಂದು ನೇತಾಡುತ್ತಿತ್ತು, ಅದರ ರಬ್ಬರ್ ಬಿರುಕು ಬಿಟ್ಟಿತ್ತು.

“ಅನಿಲ ಸೋರಿದ್ರೆ?” ಮೇಸ್ತ್ರಿ ಕೇಳಿದರು.

ಒಪ್ಪಿಸಿದೆ.

“ಯಾವ ವಾಲ್ವು? ಕೈಯಿಟ್ಟು ತೋರ್ಸು.”

ಅಲ್ಲಿ ಒಂದೇ ಥರದ ಹನ್ನೊಂದು ವಾಲ್ವ್ ಚಕ್ರಗಳಿದ್ದವು. ಐಸ್ ಫ್ಯಾಕ್ಟರಿಯಲ್ಲಿ ನಾನು ಅವುಗಳ ಕೆಳಗಿನ ನೆಲವನ್ನಷ್ಟೇ ಚೆನ್ನಾಗಿ ಬಲ್ಲವನು. ಕೈ ಎತ್ತಿದೆ, ಅದು ಗಾಳಿಯಲ್ಲೇ ನಿಂತಿತು. ಮೇಸ್ತ್ರಿ ಬೈಯಲಿಲ್ಲ. ನನ್ನ ತೋಳು ಹಿಡಿದು ಪಕ್ಕದ ಬಾಗಿಲು ತೆಗೆದು ತೋರಿಸಿದರು. ಉದ್ದನೆಯ ಕೋಣೆಯಲ್ಲಿ ಮೂವತ್ತು ಹೆಂಗಸರು ನೆಲದಲ್ಲಿ ಕೂತು ಆಲೂಗಡ್ಡೆ ಆರಿಸುತ್ತಿದ್ದರು. ಅರ್ಧ ಜನ ನಮ್ಮ ರಸ್ತೆಯವರೇ. ಪಕ್ಕದ ಮನೆ ಅತ್ತಿಗೆ ನಗುತ್ತಾ ಕೈ ಬೀಸಿದರು.

“ಇವ್ರಿಗೆ ಇದೊಂದೇ ಬಾಗ್ಲು,” ಅಂದರು ಮೇಸ್ತ್ರಿ. “ಹೊರಗೆ ಹೋಗ್ಬೇಕಂದ್ರೆ ನಿನ್ನ ಮೆಷಿನ್ ಮುಂದೆನೇ ಹೋಗ್ಬೇಕು. ಸೋರಿದ್ರೆ ಅಮೋನಿಯಾ ಮೊದ್ಲು ಕಣ್ಣು ಸುಡುತ್ತೆ, ಆಮೇಲೆ ಗಂಟ್ಲು. ಮೂರನೇದು ಹೇಳೋಕೆ ಯಾರೂ ಉಳಿಯಲ್ಲ.”

ನೇರ ಅಕ್ಕನ ಅಂಗಡಿಗೆ ಹೋದೆ. ಕೌಂಟರಿನ ಮೇಲೆ ಕೈಯೂರಿ ಎಲ್ಲ ಹೇಳಿಬಿಟ್ಟೆ. ಅಕ್ಕ ಝೆರಾಕ್ಸ್ ಮಾಡುತ್ತಿದ್ದ ಹಾಳೆಗಳನ್ನು ಸರಿಯಾಗಿ ಜೋಡಿಸಿ, ಪಿನ್ನು ಹೊಡೆದು, ಗಿರಾಕಿಯನ್ನು ಕಳಿಸಿ, ಆಮೇಲೆ ನನ್ನ ಕಡೆ ತಿರುಗಿದರು.

“ಮೂರು ಪ್ರಶ್ನೆ ಕೇಳಿದ್ನಲ್ಲೋ.”

“ಬಾಯಿಪಾಠ ಮಾಡಿದ್ದೆ ಅಕ್ಕಾ.”

“ನಿನ್ನ ಅಂಗೈ ನೋಡ್ಬೇಕಿತ್ತು ನಾನು. ಬಾಯಿ ನೋಡಿ ಕೂತೆ.” ನನಗೆ ಎರಡೇಟು ಬಿದ್ದಿದ್ದರೆ ಹಗುರಾಗುತ್ತಿತ್ತು. ಅವರು ತಮ್ಮನ್ನೇ ಬೈದುಕೊಂಡರು.

ಮ್ಯಾನೇಜರಿಗೆ ಫೋನ್ ಮಾಡಿದರು. ಆ ಕಡೆಯ ನಗು ನನಗೂ ಕೇಳಿಸಿತು. “ಅಯ್ಯೋ ಅಕ್ಕಾ, ಮೆಷಿನ್ ತನ್ನಷ್ಟಕ್ಕೇ ಓಡುತ್ತೆ. ಇವ್ನು ಪಕ್ಕ ಕೂತಿದ್ರೆ ಸಾಕು. ಬೇರೆ ಯಾರನ್ನ ತರ್ಲಿ? ನಿಮ್ಮ ಕಾಗದ ಫೈಲಲ್ಲಿದೆ, ಬಿಡಿ.”

“ಆ ಕಾಗದ ಹರಿದುಹಾಕಿ ಅಂತಾನೇ ಫೋನ್ ಮಾಡಿದ್ದು.”

ಫೋನ್ ಕಟ್ಟಾಯಿತು.

ಅಕ್ಕ ಹೇಳಿದಂತೆ ಸೋಮವಾರ ಬೆಳಿಗ್ಗೆ ನಾನು ಕೋಲ್ಡ್ ಸ್ಟೋರೇಜಿನ ಗೇಟು ತಲುಪುವಷ್ಟರಲ್ಲಿ ಅಕ್ಕ ಅಲ್ಲಿದ್ದರು. ಪಾಳಿಗೆ ಬಂದ ಹೆಂಗಸರನ್ನೆಲ್ಲ ತಡೆದು ನನ್ನನ್ನು ಮುಂದೆ ನಿಲ್ಲಿಸಿದರು. “ನೀನೇ ಹೇಳು.” ಎಂಟು ದಿನದ ತಾಲೀಮಿನಲ್ಲಿ ಕಲಿತದ್ದು ಒಂದೂ ನೆನಪಾಗಲಿಲ್ಲ. ನನಗೆ ಮೆಷಿನ್ ಬರಲ್ಲ, ಸುಳ್ಳು ಬರೆಸಿದ್ದೆ ಅಂದೆ.

“ನಿನ್ನ ಕೈಗೆ ನಮ್ಮ ಉಸಿರು ಕೊಡೋದಾ? ಥೂ!” ಅಂದರು ಪಕ್ಕದ ಮನೆ ಅತ್ತಿಗೆ. ಒಬ್ಬರೂ ಒಳಗೆ ಹೋಗಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಗೇಟಿನಲ್ಲಿ ಆಲೂಗಡ್ಡೆಯ ಲಾರಿಗಳು ಸಾಲು ನಿಂತವು. ಹನ್ನೊಂದಕ್ಕೆ ಮೇಸ್ತ್ರಿಯನ್ನು ಕಾರಿನಲ್ಲಿ ಕರೆತಂದರು, ಹದಿನೈದು ದಿನದ ಮಟ್ಟಿಗೆ. ನನ್ನನ್ನು ಹೊರಹಾಕಿದರು. ಅಷ್ಟು ಅರ್ಹತೆ ನನಗೆ ನಿಜಕ್ಕೂ ಇತ್ತು. ಮ್ಯಾನೇಜರ್ ಅಕ್ಕನಿಗೆ ಹೇಳಿದ್ದು ಒಂದೇ ಮಾತು: “ನಿಮ್ಮ ಕಾಗದ ಇನ್ಮೇಲೆ ಇಲ್ಲಿ ನಡೆಯಲ್ಲ.”

ನಾನೀಗ ಮತ್ತೆ ಚೀಟಿ ಅಂಟಿಸುತ್ತೇನೆ, ಅಮ್ಮ ಮತ್ತೆ ಹಾಲಿನ ಕಡೆ ಓಡುತ್ತಾರೆ. ಅಕ್ಕನ ಅಂಗಡಿಗೆ ಬಯೋಡಾಟಾಕ್ಕೆ ಬರುವವರು ಕಡಿಮೆಯಾಗಿದ್ದಾರೆ. ಎದುರು ಸಾಲಿನ ಹೊಸ ಅಂಗಡಿಯಲ್ಲಿ ಏನು ಹೇಳಿದರೂ ಟೈಪ್ ಮಾಡಿಕೊಡುತ್ತಾರೆ, ಬಣ್ಣದ ಹಾಳೆಯಲ್ಲಿ. ಹದಿನಾರನೆಯ ದಿನ ಕೋಲ್ಡ್ ಸ್ಟೋರೇಜಿಗೆ ಬಂದ ಹೊಸ ಆಪರೇಟರನ ಹಾಳೆ ಅಲ್ಲಿಯದೇ. ಐದು ವರ್ಷ ಅನುಭವವಂತೆ. ನಿಜವೇ ಇರಬಹುದು.

ಅಕ್ಕನ ಮಾತು ಕೇಳಿ ಹೆಂಗಸರು ಇನ್ನೊಂದು ಬಾಗಿಲು ಬೇಕೆಂದು ಪಟ್ಟು ಹಿಡಿದರು. ಮ್ಯಾನೇಜರ್ ಆಗಲಿ ಅಂದರಂತೆ. ಯಾರೋ ಬಂದು ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲಿನ ಅಳತೆ ಗೆರೆ ಎಳೆದು ಹೋಗಿದ್ದಾರೆ. ಆಗಲೇ ಎರಡು ತಿಂಗಳಾಯಿತು. ಆ ಗೆರೆಗೇ ಬೆನ್ನು ಕೊಟ್ಟು ಕೂತು ಆಲೂಗಡ್ಡೆ ಆರಿಸುತ್ತೇವೆ ಅನ್ನುತ್ತಾರೆ ಅತ್ತಿಗೆ, ಸೀರೆಗೆಲ್ಲ ಸುಣ್ಣ ಹತ್ತುತ್ತದೆ ಅಂತ ಬೈದುಕೊಳ್ಳುತ್ತಾ.