ಕಚ್ಚಿದ್ದು ಬೇರೆ, ಚುಚ್ಚಿದ್ದು ಬೇರೆ

ನಮ್ಮ ಓನರ್ ಅಂಕಲ್ ಅವರ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಮುದ್ದೆ ಮುರಿಯುವಾಗ ಉಳಿದ ಬೆರಳುಗಳೆಲ್ಲ ತಮ್ಮ ಕೆಲಸ ಮಾಡುತ್ತಿದ್ದರೆ ಅದೊಂದು ಮಾತ್ರ ನೆಟ್ಟಗೆ, ಎದುರಿಗೆ ಕೂತವರ ಎದೆಗೆ ಗುರಿಯಿಟ್ಟು ನಿಂತಿರುತ್ತಿತ್ತು. ಮೇಲ್ಮನೆ ಬಾಡಿಗೆಗೆ ನೋಡಲು ಹೋದ ದಿನ ಅವರು ಅಪ್ಪನಿಗೆ ಕಾವೇರಿ ನೀರು ಯಾವಾಗ ಬರುತ್ತದೆಂದು ಹೇಳುತ್ತಿದ್ದರು, ಅಷ್ಟೇ. ಅಪ್ಪ ಮಾತ್ರ ಯಾವುದೋ ಆರೋಪ ಒಪ್ಪಿಕೊಳ್ಳುವವರಂತೆ ತಲೆ ತಗ್ಗಿಸಿ ಹೂಂಗುಟ್ಟುತ್ತಿದ್ದರು.

ಬೆರಳು ಹೋಗಿದ್ದು ಸಾರಕ್ಕಿ ಕೆರೆಯಲ್ಲಿ. ಸಾರಕ್ಕಿ ಇನ್ನೂ ನಗರಕ್ಕೆ ಸೇರದೆ ಹಳ್ಳಿಯಾಗಿದ್ದ ಕಾಲ. ಅಂಕಲ್ ಚಡ್ಡಿ ಹುಡುಗ, ಸ್ಕೂಲಿಗೆಂದು ಹೊರಟು ಕೆರೆಗೆ ಹೋಗುತ್ತಿದ್ದರು. ಕೋಲು ಇರಲಿಲ್ಲ. ಗಾಳದ ದಾರವನ್ನು ಬೆರಳಿಗೇ ಸುತ್ತಿಕೊಂಡು ಏರಿಯ ಮೇಲೆ ಕೂತಿದ್ದಾಗ ದೊಡ್ಡದೊಂದು ಮೀನು ಎಳೆದ ಎಳೆತಕ್ಕೆ ದಾರ ಮೂಳೆಯವರೆಗೆ ಇಳಿಯಿತಂತೆ.

“ಮೀನು ಬಿಟ್ಬಿಟ್ರಾ ಅಂಕಲ್?” ಎಂದು ನಾನು ಕೇಳಿದ್ದೆ.

“ಬಿಟ್ಟಿದ್ದು ಬೆರಳ್ನ” ಎಂದರು.

ನಾನು ಆಗ ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಪುರಾವೆಯಿಲ್ಲದೆ ಯಾರಾದರೂ ‘ಇವತ್ತು ಸೆಕೆ’ ಎಂದರೂ ಎದುರು ವಾದ ಹೂಡುವ ವಯಸ್ಸು. ಆ ವಯಸ್ಸು ಇನ್ನೂ ಮುಗಿದಿಲ್ಲ ಎಂದು ಅಮ್ಮನ ದೂರು. ನಮ್ಮದು ಏಕಾದಶಿಗೆ ಈರುಳ್ಳಿಗೂ ರಜೆ ಕೊಡುವ ಮನೆ. ಅಂಥವರಿಗೆ ಮೀನು ಹಿಡಿಯುವ ಮನುಷ್ಯ ಮನೆ ಯಾಕೆ ಕೊಟ್ಟರು ಎಂದರೆ, “ನಿಮ್ಮೋರು ಪಾಲು ಕೇಳಲ್ವಲ್ಲ” ಎಂದು ನಕ್ಕಿದ್ದರು. ಕೇಳಿದ್ದು ಅವರೇ, ಅಮ್ಮನ ಹತ್ತಿರ ಇಂಗು. ರಾಗಿಹಿಟ್ಟಿಗೆ ಕಡಲೆಕಾಯಿ ಹಿಂಡಿ ಸೇರಿಸಿ, ಇಂಗು ಹಾಕಿ ಕಲಸಿ, ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರು ಅಂಗಳ ದಾಟಿ ಹೋದರೆ ಕೂಟು ಒಲೆಯಿಂದ ಎದ್ದು ನಡೆದುಹೋದ ಹಾಗೆ ವಾಸನೆ.

ಒಂದು ಭಾನುವಾರ ಕೋಲು ಹೆಗಲಿಗೇರಿಸಿ ಗೇಟು ತೆಗೆಯುತ್ತಿದ್ದಾಗ ಅಮ್ಮ ಬಾಲ್ಕನಿಯಿಂದ, “ಎಲ್ಲಿಗೆ ಹೊರಟ್ರಿ?” ಎಂದುಬಿಟ್ಟರು. ಅಂಕಲ್ ತಿರುಗಿ ಒಳಗೆ ಹೋದರು. ಚಪ್ಪಲಿ ಬಿಟ್ಟು, ಕೂತು, ನೀರು ಕುಡಿದು, ಮತ್ತೆ ಹೊರಟರು. ನನಗೆ ವಾದಕ್ಕೆ ಇಷ್ಟು ಸಾಕಾಯಿತು.

“ಅಮ್ಮ ಎಲ್ಲಿಗೆ ಅಂತ ಕೇಳಿದ್ದು ಮೀನಿಗೆ ಹೇಗೆ ಗೊತ್ತಾಗುತ್ತೆ ಅಂಕಲ್?”

“ಮೀನಿಗಲ್ಲ ಕಣಮ್ಮ. ನಂಗೆ ಗೊತ್ತಾಗುತ್ತಲ್ಲ. ಇಡೀ ದಿನ ನಿಮ್ಮಮ್ಮನ್ನ ಬೈಕೊಂಡು ಕೂತ್ರೆ ಬೆಂಡು ನೋಡೋರ್ಯಾರು?”

ವಾದದಲ್ಲಿ ಸೋತೆ. ಅದು ನನಗೆ ಅಪರೂಪ. ಮುಂದಿನ ಭಾನುವಾರ ಅವರ ಸ್ಕೂಟರಿನ ಹಿಂದೆ ನಾನೂ ಕೂತಿದ್ದೆ.

ಕನಕಪುರ ರಸ್ತೆಯಾಚೆ ಖಾಸಗಿ ಹೊಂಡವೊಂದಿತ್ತು. ನೀರಿನ ಮೇಲೆ ತೇಲುವ ಬೆಂಡನ್ನು ನೋಡುತ್ತ ಬಾಯಿ ಮುಚ್ಚಿ ಕೂರುವುದನ್ನು ನನಗೆ ಅಲ್ಲಿ ಅವರು ಕಲಿಸಿದರು. ನನ್ನ ಮೇಷ್ಟ್ರುಗಳು ಯಾರೂ ಕಲಿಸಲಾಗದ್ದು. ಬೆಂಡು ನಡುಗಿದರೆ ಮೀನು ಬರೀ ಮೂಸುತ್ತಿದೆ, ಓರೆಯಾದರೆ ಯೋಚಿಸುತ್ತಿದೆ, ಮುಳುಗಿದರೆ ಕಚ್ಚಿದೆ. ಮುಳುಗುವವರೆಗೆ ಎಳೆಯುವಂತಿಲ್ಲ. ನನ್ನ ಗಾಳಕ್ಕೆ ಮೊದಲ ಸಲ ಅಂಗೈಯಷ್ಟು ಜಿಲೇಬಿ ಮೀನು ಬಿದ್ದಾಗ ನಾನು ಕಿರುಚಿದ ರಭಸಕ್ಕೆ ದಡದಲ್ಲಿದ್ದವರೆಲ್ಲ ಬೈದರು. ಮೀನನ್ನು ವಾಪಸ್ ನೀರಿಗೆ ಬಿಟ್ಟು ಮನೆಗೆ ಬಂದೆ. “ತಿನ್ನಲ್ಲ ಅಂದ್ಮೇಲೆ ಹಿಡಿಯೋದ್ಯಾಕೆ?” ಎಂದು ಅಮ್ಮ ಕೇಳಿದರು. ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ವಾದವಿಲ್ಲ, ಆಸೆ ಮಾತ್ರ ಇದೆ.

ಅಂಕಲ್ ಅವರ ಇನ್ನೊಂದು ಹೆಸರು ನನ್ನ ಕಿವಿಗೆ ಬಿದ್ದದ್ದು ಅದೇ ಹೊಂಡದಲ್ಲಿ. ಯಾರೋ ಆಚೆ ದಡದಿಂದ, “ಏನ್ ಚುಚ್ಚಣ್ಣ, ಶಿಷ್ಯೇನ ಕರ್ಕೊಂಡ್ ಬಂದಿದ್ದೀರಾ?” ಎಂದು ಕೂಗಿದರು. ಅಂಕಲ್ ಮುಖ ಕಪ್ಪಿಟ್ಟಿತು. ಹಿಂದಿರುಗುವಾಗ ಸಾರಕ್ಕಿ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಮುಂದೆ ನೋಡುತ್ತಲೇ, ಕತೆ ಹೇಳಿದರು.

ನಮ್ಮ ಕಡೆ ಗಾಳದವರದ್ದೊಂದು ಬಳಗವಿದೆ. ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸಿ, ದೊಡ್ಡ ಮೀನು ಹಿಡಿದವರಿಗೆ ಬಹುಮಾನದ ಕಪ್ಪು ಕೊಡುತ್ತದೆ. ಅಧ್ಯಕ್ಷರಾದವರೇ ತೀರ್ಪುಗಾರರು, ಅವರೇ ಸ್ಪರ್ಧಿ, ಮೈಕೂ ಅವರ ಕೈಯಲ್ಲೇ. ಕೊಕ್ಕೆ ಮೀನಿನ ಬಾಯಲ್ಲಿ ಸಿಕ್ಕಿರಬೇಕು, ಮೈಗೆ ನಾಟಿದ್ದರೆ ಲೆಕ್ಕಕ್ಕಿಲ್ಲ ಎನ್ನುವುದು ನಿಯಮ. ಒಂದು ವರ್ಷ ಅಂಕಲ್‌ಗೆ ಆ ದಿನದಲ್ಲೇ ದೊಡ್ಡದಾದ ಕಟ್ಲಾ ಮೀನು ಬಿತ್ತು. ದಡಕ್ಕೆ ಎಳೆಯುವಾಗ ಅದು ಒದ್ದಾಡಿ, ಕೊಕ್ಕೆ ತುಟಿ ಹರಿದುಕೊಂಡು ಜಾರಿ, ಕಿವಿರಿನ ಕೆಳಗೆ ನಾಟಿತು. “ತುಟಿ ಹರಿದಿದೆ, ಬಂದು ನೋಡಿ” ಎಂದು ಅಂಕಲ್ ಕರೆದರು. ಅಧ್ಯಕ್ಷರು ಬಗ್ಗಿ ನೋಡಲೂ ಇಲ್ಲ. ಮೈಕಿನಲ್ಲೇ ಹೇಳಿದರು: “ಕಚ್ಚಿದ್ದು ಬೇರೆ, ಚುಚ್ಚಿದ್ದು ಬೇರೆ. ಇದು ಚುಚ್ಚಿದ್ದು. ಕೆರೆ ಪಕ್ಕದೋರು, ಹೆಂಗಾದ್ರೂ ಹಿಡಿಯೋದೇ ಅಭ್ಯಾಸ. ಏನ್ಮಾಡೋಕಾಗುತ್ತೆ?”

ಎಲ್ಲರೂ ನಕ್ಕರು. ಕಪ್ಪು ಅಧ್ಯಕ್ಷರಿಗೆ ಹೋಯಿತು, ಅಂಕಲ್‌ಗೆ ಹೆಸರು ಬಂತು. ಅದು ಹೊಂಡದಲ್ಲೇ ಉಳಿಯಲಿಲ್ಲ. ಕತ್ರಿಗುಪ್ಪೆಯ ಬೀಗರ ಮನೆಗೆ ಹೋಯಿತು, ಸಾರಕ್ಕಿ ಮಾರ್ಕೆಟ್ಟಿಗೆ ಬಂತು. ಊರಿನ ನಾಲ್ಕು ಜನರಿಂದ ಯಜಮಾನ್ರೇ ಎನ್ನಿಸಿಕೊಂಡಿದ್ದ ಮನುಷ್ಯ, ಹೂ ಕೊಳ್ಳಲು ನಿಂತರೆ ಹೂವಿನವಳ ಮಗ ಹಿಂದಿನಿಂದ ಚುಚ್ಚಣ್ಣ ಎನ್ನುತ್ತಿದ್ದ.

“ನೀವು ಅವತ್ತೇ ವಾದ ಮಾಡ್ಬೇಕಿತ್ತು” ಎಂದೆ.

“ಕೋಪ ಬಂದ್ರೆ ನಂಗೆ ಬಾಯಿ ಕಟ್ಟೋಗುತ್ತೆ ಕಣಮ್ಮ. ಕೈ ಎತ್ಬೇಕು ಅನ್ಸುತ್ತೆ. ಎತ್ತಿದ್ರೆ ಅವ್ನೇ ಗೆದ್ದಂಗೆ.” ಸಿಗ್ನಲ್ ಬಿಟ್ಟಿತು. ಹಾರನ್‌ಗಳ ನಡುವೆ ಕುತ್ತಿಗೆ ತಿರುಗಿಸಿ ಹೇಳಿದರು: “ಅದಕ್ಕೇ ನಿನ್ನ ಕರ್ಕೊಂಡ್ ಬಂದಿದ್ದು. ಗಾಳ ನಂಗೆ ಗೊತ್ತು. ಬಾಯಿ ನಿಂದು.”

ನನ್ನ ಕೈ ಚೆನ್ನಾಗಿದೆ, ತಾಳ್ಮೆ ಚೆನ್ನಾಗಿದೆ ಎಂದು ಅಲ್ಲಿಯವರೆಗೆ ಭ್ರಮಿಸಿದ್ದೆ. ಆರಿಸಿದ್ದು ನಾಲಿಗೆ ನೋಡಿ! ಬೇಜಾರಾಗಬೇಕಿತ್ತು. ಸಖತ್ ಖುಷಿಯಾಯಿತು.

ಅವಮಾನವಾದ ಮೇಲೂ ಅವರು ಪ್ರತಿ ವರ್ಷ ಸ್ಪರ್ಧೆಗೆ ಹೋಗುತ್ತಿದ್ದುದು ಹಿಡಿಯಲಿಕ್ಕಲ್ಲ, ಅಧ್ಯಕ್ಷರ ಕೈ ನೋಡಲಿಕ್ಕೆ. ನೋಡಿ ನೋಡಿ ಒಂದು ವಿಷಯ ಕಂಡುಕೊಂಡಿದ್ದರು: ಆತ ಬೆಂಡು ಮುಳುಗುವ ಮುಂಚೆಯೇ ಎಳೆಯುತ್ತಾನೆ. ಉಂಡೆಗೆ ಮುತ್ತಿಕೊಂಡ ಮೀನುಗಳಲ್ಲಿ ಯಾವುದರದ್ದೋ ಹೊಟ್ಟೆಗೋ ರೆಕ್ಕೆಗೋ ಕೊಕ್ಕೆ ನಾಟುತ್ತದೆ. ಜನ ಬರುವಷ್ಟರಲ್ಲಿ ಬಿಚ್ಚಿ, ನೀರಿಗೆ ಇಳಿಬಿಟ್ಟ ಬುಟ್ಟಿಬಲೆಗೆ ಬಿಡುತ್ತಾನೆ. ತೀರ್ಪುಗಾರನ ಮೀನನ್ನು ಯಾರು ಪರೀಕ್ಷೆ ಮಾಡುತ್ತಾರೆ?

ಆ ವರ್ಷ ನಾನೂ ಹೆಸರು ಕೊಟ್ಟೆ. ಅಂಕಲ್ ಬೇಗ ಹೋಗಿ, ಅಧ್ಯಕ್ಷರ ಕಾಯಂ ಜಾಗದ ಪಕ್ಕದಲ್ಲೇ ನನ್ನನ್ನು ಕೂರಿಸಿದರು. “ನೀರು ನೋಡ್ಬೇಡ, ಅವ್ನ ಬೆಂಡು ನೋಡು” ಎಂದು ಹೇಳಿ ತಾವು ದೂರ ಹೋಗಿ ಹುಣಸೆಮರದ ನೆರಳಿಗೆ ಕೂತರು.

ಮಧ್ಯಾಹ್ನ ಅಧ್ಯಕ್ಷರು ಎಳೆದರು. ಬೆಂಡು ನೆಟ್ಟಗೇ ನಿಂತಿತ್ತು. ಕೋಲು ಬಿಲ್ಲಿನಂತೆ ಬಾಗಿತು, ದೊಡ್ಡ ಮೀನು. ದಡದ ಹತ್ತಿರಕ್ಕೆ ತಂದು, ನೀರಲ್ಲೇ ಕೈಬಲೆಯಲ್ಲಿ ಹಿಡಿದು ಬಗ್ಗಿದರು. ನಾನು ಎದ್ದು ನಿಂತೆ.

“ಸಾರ್, ಕೊಕ್ಕೆ ಬಿಚ್ಬೇಡಿ.”

“ಯಾರಮ್ಮ ನೀನು?”

“ಸ್ಪರ್ಧಿ ಸಾರ್. ಪಕ್ಕದ ಜಾಗ.”

“ಮೀನು ಸತ್ತೋಗುತ್ತೆ, ಸುಮ್ನಿರು.”

“ನೀರಲ್ಲೇ ಇದೆಯಲ್ಲ ಸಾರ್, ಸಾಯಲ್ಲ. ಎಲ್ಲಾ ಬನ್ನಿ ಸಾರ್, ಇಷ್ಟು ದೊಡ್ಡ ಮೀನು ನೋಡೋದು ಬೇಡ್ವಾ?”

ನನ್ನ ಗಂಟಲು ಸಭಾಂಗಣಕ್ಕೆ ಪಳಗಿದ್ದು. ಹೊಂಡದ ಸುತ್ತ ಇದ್ದವರೆಲ್ಲ ಬಂದು ಬಗ್ಗಿದರು. ಕೊಕ್ಕೆ ಹೊಟ್ಟೆಯ ರೆಕ್ಕೆಯ ಬುಡದಲ್ಲಿ ನಾಟಿತ್ತು. ಬೆಂಡು ಮುಳುಗಲೇ ಇಲ್ಲ ಎಂದು ನಾನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಎದುರಾಳಿ ತಾನಾಗಿ ಬಾವಿಯ ಕಡೆ ನಡೆಯುತ್ತಿದ್ದರೆ ದಾರಿ ಬಿಡಬೇಕು.

“ಬಾಯಿಗೇ ಬಿದ್ದಿತ್ತು ಕಣ್ರೀ” ಎಂದರು ಅಧ್ಯಕ್ಷರು. “ಒದ್ದಾಡಿ ಜಾರಿ ಇಲ್ಲಿ ಸಿಕ್ಕಾಕೊಂಡಿದೆ.”

“ಹಾಗೆ ಆಗುತ್ತಾ ಸಾರ್?”

“ಆಗದೇ ಏನು? ಎಷ್ಟು ಸಲ ಆಗಿದೆ! ನಿನಗೇನ್ ಗೊತ್ತು?”

“ಗೊತ್ತಿಲ್ಲ ಸಾರ್, ಅದಕ್ಕೇ ಕೇಳಿದ್ದು. ಕಚ್ಚಿದ್ದು ಬೇರೆ, ಚುಚ್ಚಿದ್ದು ಬೇರೆ ಅಂತ ನೀವೇ ಹೇಳಿದ್ದಂತೆ. ಕೊಕ್ಕೆ ಜಾರಲ್ಲ ಅಂತಾದ್ರೆ ನಿಮ್ಮ ಮೀನು ಲೆಕ್ಕಕ್ಕಿಲ್ಲ. ಜಾರುತ್ತೆ ಅಂತಾದ್ರೆ, ಆವತ್ತು ಅಂಕಲ್ ಮೀನು ಲೆಕ್ಕಕ್ಕಿತ್ತು. ಯಾವುದಾದ್ರೂ ಒಂದು ಇಟ್ಕೊಳ್ಳಿ. ಎರಡೂ ಸಿಗಲ್ಲ.”

ಯಾರೋ ಹಿಂದಿನಿಂದ, “ಹೇಳಿ ಪ್ರೆಸಿಡೆಂಟ್ರೇ” ಎಂದರು. ಅಧ್ಯಕ್ಷರು ಮೀನನ್ನು ನೋಡಿದರು, ಬಹುಮಾನದ ಕಪ್ಪು ಇಟ್ಟಿದ್ದ ಮೇಜನ್ನು ನೋಡಿದರು. ನ್ಯಾಯ ಬಿಟ್ಟರೂ ಕಪ್ಪು ಬಿಡುವವರಲ್ಲ.

“ಆಯ್ತಮ್ಮ. ಆವತ್ತು ನಾನು ಸರಿಯಾಗಿ ನೋಡ್ಲಿಲ್ಲ ಅಂತಿಟ್ಕೋ.”

ಗುಂಪಿನ ಹಿಂದಿನಿಂದ ಅಂಕಲ್ ದನಿ ಬಂತು. “ಅಂತಿಟ್ಕೋ ಅಲ್ಲ. ನೋಡ್ಲಿಲ್ಲ ಅನ್ನು. ಮೈಕಲ್ಲಿ ಅನ್ನು.”

ಈ ಸಲ ಅವರ ಬಾಯಿ ಕಟ್ಟಿರಲಿಲ್ಲ. ಅಧ್ಯಕ್ಷರು ಮೈಕಿನಲ್ಲಿ ಹೇಳಿದರು, ಅಷ್ಟು ದೂರದ ತೋಟದಲ್ಲಿ ನೀರು ಹಾಯಿಸುತ್ತಿದ್ದವನಿಗೂ ಕೇಳುವಂತೆ: ಆವತ್ತಿನ ಮೀನನ್ನು ನಾನು ನೋಡಲಿಲ್ಲ, ಅದು ಕಚ್ಚಿದ ಮೀನೇ. ಆಮೇಲೆ ತಮ್ಮ ಕಪ್ಪನ್ನು ತಾವೇ ಎತ್ತಿಕೊಂಡರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಹೊಂಡ ದಾಟುವ ಮೊದಲೇ ಆ ಹೆಸರು ಕೈ ಬದಲಾಯಿಸಿತ್ತು. ಇವತ್ತಿಗೂ ಬಳಗದಲ್ಲಿ ಚುಚ್ಚಣ್ಣ ಎಂದರೆ ಯಾರೆಂದು ಕೇಳಿ ನೋಡಿ. ಮನೆ ಗೇಟಿನ ಹತ್ತಿರ ಅಂಕಲ್ ಗಾಡಿ ನಿಲ್ಲಿಸಿ, “ಆ ಎರಡೂ ಸಿಗಲ್ಲ ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು” ಎಂದರು. ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು.

ಸೇಡು ತೀರಿದ ಮೇಲೆ ಮನಸ್ಸು ಖಾಲಿಯಾಗುತ್ತದೆ ಎನ್ನುತ್ತಾರೆ. ಅದನ್ನು ಹೇಳುವವರು ಸೇಡು ತೀರಿಸಿಕೊಂಡವರಲ್ಲ, ತೀರಿಸಿಕೊಳ್ಳಲಾಗದವರು. ಅಂಕಲ್ ಆಮೇಲೆ ಹೆಚ್ಚು ಉಂಡರು, ಹೆಚ್ಚು ನಕ್ಕರು, ಹೆಚ್ಚು ಮೀನು ಹಿಡಿದರು. ಹಿಡಿದಷ್ಟೂ ಹೊತ್ತು ಅಧ್ಯಕ್ಷರನ್ನು ಬೈಯುತ್ತಿದ್ದರು.

ಕಳೆದ ವರ್ಷ ಕಿಡ್ನಿ ಕೈಕೊಟ್ಟು ಹೋದರು. ವೈಕುಂಠ ಸಮಾರಾಧನೆಯ ದಿನ ಅಧ್ಯಕ್ಷರು ಬಂದರು, ಬಿಳಿ ಅಂಗಿ ತೊಟ್ಟು. ಊಟ ಮುಗಿದು ನೆಂಟರೆಲ್ಲ ನಡುಮನೆಯಲ್ಲಿ ಕೂತಿದ್ದಾಗ ಶುರು ಮಾಡಿದರು: “ನಮ್ಮಿಬ್ರದ್ದೂ ಸ್ವಲ್ಪ ಮನಸ್ತಾಪ ಇತ್ತು. ಆದ್ರೆ ದೊಡ್ಡ ಮನಸ್ಸು ಅವರದ್ದು. ಕೊನೇಗೆ ಎಲ್ಲಾ ಮರೆತು ಕ್ಷಮಿಸ್ಬಿಟ್ರು.”

ನೆಂಟರು ಕಣ್ಣೊರೆಸಿಕೊಂಡರು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ, ಬದುಕಿದ್ದಷ್ಟು ದಿನ ಅಂಕಲ್ ಬಿಡದೆ ಕಾಯ್ದುಕೊಂಡಿದ್ದ ಸಿಟ್ಟನ್ನು ಸತ್ತ ಮೇಲೆ ಕಿತ್ತುಕೊಂಡು, ಅವರನ್ನೊಬ್ಬ ಸಾಧು ಮಾಡಿ ಗೋಡೆಗೆ ಹಾಕಿಬಿಡುತ್ತಿದ್ದರು. ಬಾಯಿ ನನ್ನದು ಎಂದು ಅವರೇ ಅಲ್ಲವೇ ಒಪ್ಪಿಸಿದ್ದು?

“ಕ್ಷಮಿಸ್ಲಿಲ್ಲ ಸಾರ್” ಎಂದೆ. “ಆಸ್ಪತ್ರೇಲಿ ನಾನಿದ್ದೆ. ಅಲ್ಲೂ ನಿಮ್ಮನ್ನ ಬೈದ್ರು.”

ಅಪ್ಪ ನನ್ನ ತೋಳು ಹಿಡಿದು ಎಳೆದರು. ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಓನರ್ ಆಂಟಿ, ಅಂಕಲ್ ಹೆಂಡತಿ, ಸೆರಗಿನಿಂದ ಮೂಗೊರೆಸಿಕೊಂಡು ನನ್ನ ಕಡೆ ನೋಡಿದರು.

“ಏನಂತ ಬೈದ್ರು ಅನ್ನೋದನ್ನೂ ಹೇಳಮ್ಮ” ಎಂದರು. “ಕೇಳ್ಕೊಂಡು ಹೋಗ್ಲಿ.”

ಹೇಳಿದೆ. ಒಂದು ಮಾತೂ ಬಿಡದೆ.